ಯಾರಿಗೂ ತೋರಿಸದ ಗೂಡು

ಸಮಯ ಬೆಳಗಿನ ಹತ್ತು ಗಂಟೆ. ಮೋಡ ಕವಿದಿತ್ತು, ಪಡುವಣ ಗಾಳಿ ಬೀಸುತ್ತಿತ್ತು. ಬಾವಿಯ ಬದಿಯ ಈಚಲ ಮರದಲ್ಲಿ ಹಾಜರಿದ್ದವರು: ನೇಯ್ಗೆ ಕಲಿಸುವ ಹಿರಿಯ ಗೀಜಗ, ಗೂಡುಗಳನ್ನು ಪರೀಕ್ಷಿಸುವ ಹೆಣ್ಣು ಗೀಜಗ, ಮೊದಲ ವರ್ಷದ ನಾಲ್ವರು ವಿದ್ಯಾರ್ಥಿಗಳು. ಐದನೆಯವನು ದೂರದ ಜಾಲಿ ಮರದಲ್ಲಿ ಒಬ್ಬನೇ ಕುಳಿತಿದ್ದ.

ಗೂಡು ಅರ್ಧವಾದಾಗಲೇ ಗುರುಗಳಿಗೆ ತೋರಿಸಬೇಕೆಂಬುದು ಅಲ್ಲಿನ ನಿಯಮ. ನಾಲ್ವರೂ ತೋರಿಸಿದ್ದರು. "ಇದೇನಯ್ಯಾ, ಗೂಡೋ ಹರಕು ಟೋಪಿಯೋ?" ಎಂದು ಒಬ್ಬರನ್ನೊಬ್ಬರು ಹಂಗಿಸಿ, ಗುರುಗಳಿಂದ ಬೈಸಿಕೊಂಡು, ಬಿಚ್ಚಿ ಮತ್ತೆ ನೇಯ್ದಿದ್ದರು. ಆ ನಗು ಜಾಲಿಯವರೆಗೂ ಕೇಳುತ್ತಿತ್ತು. ಅದಕ್ಕೆ ಹೆದರಿದ ಐದನೆಯವನು ತಿಂಗಳಿಡೀ ಯಾರೊಡನೆಯೂ ಮಾತಾಡದೆ ಪೂರ್ತಿ ಗೂಡನ್ನು ತಾನೊಬ್ಬನೇ ನೇಯ್ದು ಮುಗಿಸಿದ. ಇಂದು ತೇರ್ಗಡೆಯಾಗದಿದ್ದರೆ ಅವನ ಒಂದು ವರ್ಷ ಹೋದಂತೆ.

ಗುರುಗಳೊಡನೆ ಜಾಲಿಗೆ ಹಾರಿಬಂದ ಪರೀಕ್ಷಕಿ, ಗೂಡನ್ನು ಕೊಂಬೆಗೆ ಬಿಗಿದ ಮೊದಲ ಗಂಟನ್ನು ಕೊಕ್ಕಿನಿಂದ ಒಮ್ಮೆ ಎಳೆದಳು. ಗಂಟು ಜಾರಿತು. ಗೂಡು ಕೆಳಗೆ ಬಿತ್ತು.

"ಈ ಗಂಟು ಹಾಕಿದ ದಿನವೇ ನನ್ನನ್ನೇಕೆ ಕರೆಯಲಿಲ್ಲ?" ಎಂದು ಗುರುಗಳು ಕೇಳಿದರು.

"ನಿಮ್ಮೆಲ್ಲರ ನಡುವೆ ಕೂರಲು ಯೋಗ್ಯನಾದ ಮೇಲೆ ಬರೋಣವೆಂದಿದ್ದೆ, ಗುರುಗಳೇ."

ಪರೀಕ್ಷಕಿ ಎಲ್ಲರಿಗೂ ಕೇಳುವಂತೆ ತೀರ್ಪು ಹೇಳಿದಳು: "ಗೂಡು ನಪಾಸು. ವರ್ಷ ಹೋಯಿತು. ನಾಳೆ ಈಚಲಿಗೆ ಬಂದು ಮೊದಲ ಗಂಟನ್ನು ಎಲ್ಲರ ಮುಂದೆ ಹಾಕು. ತಪ್ಪಾದರೆ ನಗುತ್ತಾರೆ, ನಕ್ಕವರೇ ಹತ್ತಿರ ಬಂದು ಹೇಗೆಂದು ತೋರಿಸುತ್ತಾರೆ."