ಕಡ್ಡಿಯ ತುದಿಯಷ್ಟು ವಿಷ

"ಗುರುಗಳೇ, ಭಯವನ್ನು ದಿನಕ್ಕಿಷ್ಟು ನುಂಗುತ್ತಾ ನುಂಗುತ್ತಾ ಮುಗಿಸಿಬಿಡಬಹುದೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಆರೈಕೆಮನೆಯಲ್ಲಿ ರೋಗಿಗಳಿಗೆ ಮದ್ದು ಅಳೆದು ಕೊಡುವ ಕೆಲಸಕ್ಕೆ ಹೊಸದಾಗಿ ಬಂದವನು. ಯಾರಾದರೂ ನೋವಿನಿಂದ ಕೂಗಿಕೊಂಡರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಅಂದು ಊಟ ಸೇರುತ್ತಿರಲಿಲ್ಲ. ಅದಕ್ಕೆ ಅವನೇ ಒಂದು ಉಪಾಯ ಕಂಡುಕೊಂಡಿದ್ದ. ತೀರ ನರಳುವವರ ಪಕ್ಕದಲ್ಲಿ ದಿನವೂ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು, ಕಿವಿಗೆ ಅದು ಒಗ್ಗಿಹೋಗುವವರೆಗೆ. ಈಗೀಗ ಮೊದಲಿನಷ್ಟು ತಟ್ಟುತ್ತಿಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

"ಕೂರು. ಹಾವು ಹಿಡಿಯುವವನೊಬ್ಬನ ಹೆಂಡತಿಯ ಕತೆ ಹೇಳುತ್ತೇನೆ" ಎಂದರು ಗುರುಗಳು.

ಒಂದು ಊರಿನಲ್ಲಿ ಹಾವು ಹಿಡಿಯುವವನಿದ್ದ. ಹುಲ್ಲಿನ ಬಣವೆಯಲ್ಲಿ ಹಾವು ಕಂಡರೂ ಅವನಿಗೇ ಕರೆ, ಮನೆಯ ಸೂರಿನಲ್ಲಿ ಕಂಡರೂ ಅವನಿಗೇ ಕರೆ. ಹಿಡಿದು ಕಾಡಿಗೆ ಬಿಟ್ಟು ಬರುತ್ತಿದ್ದ. ಅವನ ತಂದೆಯೂ ಇದೇ ಕಸುಬಿನವನು, ಹಾವು ಕಚ್ಚಿಯೇ ಸತ್ತವನು. ಆದ್ದರಿಂದ ಕರೆ ಬಂದಾಗಲೆಲ್ಲ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಅವನು ತಿರುಗಿ ಬರುವವರೆಗೆ ಹೆಂಡತಿ ಒಲೆ ಹಚ್ಚದೆ ಬಾಗಿಲಲ್ಲೇ ಕೂತಿರುತ್ತಿದ್ದಳು. ಹೆದರಿಕೆ ಇಬ್ಬರಿಗೂ ಇತ್ತು. ಆದರೆ ಇಬ್ಬರೂ ಸೇರಿ ಹೊರುತ್ತಿದ್ದರಿಂದ ಅದು ಹೇಗೋ ಸಾಗುತ್ತಿತ್ತು.

ಒಮ್ಮೆ ಊರೂರು ತಿರುಗುವ ಮುದುಕನೊಬ್ಬ ಅವನಿಗೆ ಒಂದು ವಿದ್ಯೆ ಹೇಳಿಕೊಟ್ಟ. ವಿಷವನ್ನು ಅಷ್ಟಿಷ್ಟೇ ಮೈಗೆ ಕೊಡುತ್ತಾ ಹೋದರೆ ಮೈ ಅದನ್ನು ಕಲಿತುಬಿಡುತ್ತದೆ, ಆಮೇಲೆ ಹಾವು ಕಚ್ಚಿದರೂ ಸಾವಿಲ್ಲ ಎಂದ. ಹಾವು ಹಿಡಿಯುವವನು ಒಂದು ನಾಗರವನ್ನು ಬುಟ್ಟಿಯಲ್ಲಿ ಸಾಕಿಕೊಂಡ. ಅದರ ವಿಷವನ್ನು ತೆಂಗಿನ ಚಿಪ್ಪಿಗೆ ಇಳಿಸಿ, ಪೊರಕೆಕಡ್ಡಿಯ ತುದಿಯನ್ನು ಅದಕ್ಕೆ ಮುಟ್ಟಿಸಿ, ಆ ಕಡ್ಡಿಯನ್ನು ಕೊಡದ ತುಂಬ ನೀರಿನಲ್ಲಿ ಅಲ್ಲಾಡಿಸಿದ. ಮುಳ್ಳಿನಿಂದ ತೋಳನ್ನು ಗೀರಿ ಆ ನೀರಿನ ಒಂದು ಹನಿ ಸವರಿಕೊಂಡ.

ತೋಳು ಬಾತುಕೊಂಡಿತು. ಜ್ವರ ಬಂತು. ಹೆಂಡತಿ ಅವನ ಮೂಗಿನ ಬಳಿ ಅಂಗೈ ಹಿಡಿದು ಕೂತೇ ಇದ್ದಳು. ಉಸಿರು ತಡವಾದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಜ್ವರ ಇಳಿದ ಮೇಲೆ ಅವನು ಮತ್ತೆ ಗೀರಿಕೊಂಡ. ಕಾಲ ಕಳೆದಂತೆ ಕೊಡದ ಜಾಗಕ್ಕೆ ಚೊಂಬು ಬಂತು, ಚೊಂಬಿನ ಜಾಗಕ್ಕೆ ಬೊಗಸೆ ಬಂತು. ಕೊನೆಗೆ ನೀರೇ ಬೇಡವಾಯಿತು. ಕಡ್ಡಿಯನ್ನು ನೇರವಾಗಿ ಗಾಯಕ್ಕೆ ಒತ್ತಿಕೊಂಡು, ಮೈ ತುರಿಸಿಕೊಂಡಷ್ಟು ಸಲೀಸಾಗಿ ಎದ್ದು ಹೋಗುತ್ತಿದ್ದ.

ಒಂದು ದಿನ ಬಣವೆಯೊಳಗೆ ಕೈ ಹಾಕಿದಾಗ ದೊಡ್ಡ ನಾಗರ ಅವನನ್ನು ಕಚ್ಚಿತು. ಅವನು ರಕ್ತ ಒರೆಸಿಕೊಂಡು ಮನೆಗೆ ಬಂದು ಉಂಡ. ಊರಿಗೆ ಊರೇ ಬಂದು ಅವನನ್ನು ನೋಡಿಕೊಂಡು ಹೋಯಿತು. ಹೆಂಡತಿಗೂ ಹೋದ ಜೀವ ಬಂದಂತಾಯಿತು. ಮದುವೆಯಾಗಿ ಬಂದ ಮೇಲೆ ಅಂದೇ ಅವಳು ನೆಮ್ಮದಿಯಿಂದ ಊಟ ಮಾಡಿದ್ದು.

ಆ ನೆಮ್ಮದಿ ಬಹಳ ದಿನ ಬಾಳಲಿಲ್ಲ. ಹಿತ್ತಲಲ್ಲಿ ಮುಚ್ಚಳದ ಮೇಲೆ ಕಲ್ಲು ಹೇರಿಸಿಕೊಂಡು ಕೂತಿದ್ದ ಬುಟ್ಟಿ ಮನೆಯೊಳಗೆ ಬಂತು. ಒಳಗೆ ಬಂದದ್ದು ಮಂಚದ ಕೆಳಗೆ ಸೇರಿತು. ಕಲ್ಲು ಹಿತ್ತಲಲ್ಲೇ ಉಳಿಯಿತು. ಕಂಬಳಿ ಕೊಡವದೆ ಹೆಂಡತಿ ತಮ್ಮ ಪುಟ್ಟ ಮಗಳನ್ನು ಮಲಗಿಸುತ್ತಿರಲಿಲ್ಲ. ಕಟ್ಟಿಗೆ ಎತ್ತುವ ಮೊದಲು ಕೋಲಿನಿಂದ ತಟ್ಟುತ್ತಿದ್ದಳು. ಅವನು ನೋಡಿ ನಗುತ್ತಿದ್ದ. ಇಬ್ಬರು ಹೊರುತ್ತಿದ್ದ ಹೆದರಿಕೆ ಈಗ ಪೂರ್ತಿ ಅವಳೊಬ್ಬಳ ತಲೆಯ ಮೇಲೆ ಬಿದ್ದಿತ್ತು. ಅವನಿಗೆ ಅದು ಗೊತ್ತೂ ಆಗಲಿಲ್ಲ.

ಅವರಿಗೆ ಇನ್ನೂ ಹಾಲುಹಲ್ಲು ಬೀಳದ ಒಬ್ಬಳೇ ಮಗಳು. ಒಂದು ಬೆಳಗ್ಗೆ ಆ ಮಗು ಬುಟ್ಟಿಗೆ ಒರಗಿ ಕೂತು, ಮುಚ್ಚಳವನ್ನು ತಮಟೆಯ ಹಾಗೆ ಬಡಿಯುತ್ತಿತ್ತು. ತಾಯಿ ಓಡಿ ಬಂದು ಎಳೆದುಕೊಂಡಳು.

"ನಿಮಗೆ ಬಂದ ಧೈರ್ಯ ನಮ್ಮ ಮೈಗೆ ಬಂದಿಲ್ಲ ಕಣ್ರೀ. ಇದನ್ನ ಹೊರಗೆ ಹಾಕಿ" ಎಂದಳು.

"ನಿಮ್ಮ ಮೈಗೂ ಬರೋ ಹಾಗೆ ಮಾಡ್ತೀನಿ. ಮಗೂಗೆ ಇವತ್ತೇ ಶುರು ಮಾಡೋಣ. ನಮ್ಮಪ್ಪ ಸತ್ತ ಹಾಗೆ ಅವಳು ಸಾಯಬಾರದು ಕಣೇ" ಎಂದ ಗಂಡ.

"ನಿಮ್ಮ ಮೈ, ನೀವೇ ಒಪ್ಪಿ ತಗೊಂಡ್ರಿ. ಅವಳನ್ನ ಯಾರು ಕೇಳ್ತಾರೆ?"

"ಹರಳೆಣ್ಣೆ ಕುಡಿಸುವಾಗ ಮಕ್ಕಳನ್ನ ಕೇಳ್ತೀವಾ?"

ಅವನು ಮೋಸದ ಮಾತು ಆಡುತ್ತಿರಲಿಲ್ಲ. ಮಗಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡವನು. ಹಾವುಗಳ ನಡುವೆ ಬೆಳೆಯುವ ಮಗುವಿಗೆ ಈ ರಕ್ಷೆ ಬೇಡವೆನ್ನಲು ತನಗೆ ಹಕ್ಕಿದೆಯೇ ಎಂದು ಅವಳಿಗೂ ಒಂದು ಗಳಿಗೆ ಅನುಮಾನ ಬಂತು. ಅವನು ಆಗಲೇ ಮುಳ್ಳು ಹುಡುಕುತ್ತಿದ್ದ. ಅವಳು ಮಗುವನ್ನು ಹಿಂದಕ್ಕೆ ತಳ್ಳಿ ತನ್ನ ತೋಳು ಮುಂದೆ ಚಾಚಿದಳು.

"ಹಾಗಾದ್ರೆ ಮೊದಲು ನನಗೆ ಹಾಕಿ" ಎಂದಳು.

ಅವನ ಕೈ ನಡುಗುತ್ತದೆ, ಇದನ್ನು ಅಲ್ಲಿಗೇ ಬಿಡುತ್ತಾನೆ ಎಂದು ಅವಳು ಎಣಿಸಿದ್ದಳು. ಕೈ ನಡುಗಲಿಲ್ಲ. ಬಹಳ ಕಡಿಮೆ ಕೊಡುತ್ತೇನೆ ಎಂದು ಅವನು ಪ್ರೀತಿಯಿಂದಲೇ ಹೇಳಿದ. ಕಡ್ಡಿಯನ್ನು ವಿಷಕ್ಕೆ ಮುಟ್ಟಿಸಿ, ಬೊಗಸೆ ನೀರಿನಲ್ಲಿ ಅಲ್ಲಾಡಿಸಿ, ಮುಳ್ಳಿನಿಂದ ಅವಳ ತೋಳನ್ನು ಗೀರಿ ಆ ನೀರನ್ನು ಸವರಿದ. ಕೊಡದ ನೀರು ಅವನ ನೆನಪಿಗೇ ಬರಲಿಲ್ಲ. ಅವನ ಮೈಗೆ ಬೊಗಸೆಯದು ವಿಷವೇ ಅಲ್ಲ, ಬರೀ ನೀರು.

ಮೊದಲು ತೋಳು ಉರಿಯಿತು. ಆಮೇಲೆ ತುಟಿ ಜೋಮು ಹಿಡಿಯಿತು. ಹೀಗೇ ಆಗುತ್ತದೆ, ಇಳಿಯುತ್ತದೆ ಎಂದು ಅವನು ಅವಳನ್ನು ಚಾಪೆಯ ಮೇಲೆ ಮಲಗಿಸಿದ. ಅವಳ ರೆಪ್ಪೆ ಜೋತುಬಿದ್ದು ಕಣ್ಣು ಅರ್ಧ ಮುಚ್ಚಿತು. ನಾಲಿಗೆ ಹೊರಳಲಿಲ್ಲ. ಕೂಗಬೇಕೆಂದುಕೊಂಡಳು, ಗಂಟಲು ಅವಳ ಮಾತು ಕೇಳಲಿಲ್ಲ. ಬೆರಳನ್ನಾದರೂ ಆಡಿಸಬೇಕೆಂದುಕೊಂಡಳು, ಬೆರಳು ಬೇರೆ ಯಾರದೋ ಆಗಿತ್ತು. ಕಿವಿ ಮಾತ್ರ ಸರಿಯಾಗಿ ಕೇಳುತ್ತಿತ್ತು. ಅದೇ ಅವಳ ದುರದೃಷ್ಟ.

"ನೋಡು, ಅಮ್ಮ ಎಷ್ಟು ಸುಮ್ಮನೆ ಮಲಗಿದ್ದಾಳೆ. ನೋವೇ ಇಲ್ಲ. ಬಾ ಪುಟ್ಟಿ, ನಿನ್ನ ಕೈ ಕೊಡು" ಎಂದ ಗಂಡ.

ಬಳೆಯ ಸದ್ದು ಕೇಳಿಸಿತು. ಮಗು ಅವನ ಬಳಿಗೆ ಹೋಗುತ್ತಿತ್ತು. ತಾಯಿಯ ಒಳಗೆ ಇದ್ದಷ್ಟೂ ಜೀವ ಒಂದೇ ಸಮನೆ ಕಿರುಚಿತು. ಹೊರಗೆ ಒಂದು ಉಸಿರೂ ಹೆಚ್ಚು ಬರಲಿಲ್ಲ. ಸಾಯುತ್ತೇನೆಂಬ ಭಯ ಆಗ ಅವಳಿಗೆ ಇರಲಿಲ್ಲ. ಆ ಮುಳ್ಳು ಆ ಎಳೆಯ ತೋಳಿಗೆ ತಗಲುವುದನ್ನು ಕೇಳುತ್ತಾ ಬಿದ್ದಿರಬೇಕಲ್ಲ ಎಂಬ ಭಯವೊಂದೇ ಇತ್ತು.

"ಅಪ್ಪಾ, ಅಮ್ಮನ ಕಣ್ಣ ಮೇಲೆ ನೊಣ ಕೂತಿದೆ. ಅಮ್ಮ ಓಡಿಸ್ತಾನೇ ಇಲ್ಲ" ಎಂದಿತು ಮಗು.

ಅವನು ತಿರುಗಿಯೂ ನೋಡದೆ, ಏನೂ ಆಗಿಲ್ಲ, ಕೈ ಕೊಡು ಎಂದ. ಮಗು ಇನ್ನೊಮ್ಮೆ ತಾಯಿಯ ಮುಖ ನೋಡಿತು. ಅದಕ್ಕೆ ಹೆದರಿಕೆಯಾಯಿತು. ಕೈ ಕೊಸರಿಕೊಂಡು, ಬೀದಿ ಕೇಳುವ ಹಾಗೆ ಕಿರುಚುತ್ತಾ ಹೊರಗೆ ಓಡಿತು.

ನೆರೆಯ ಕುಂಬಾರಗಿತ್ತಿ ಮಣ್ಣು ಕೈಯಲ್ಲೇ ಬಂದಳು. ಚಾಪೆಯ ಮೇಲಿದ್ದವಳನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ತೆಗೆದು, ಉಸಿರಿಗೆ ದಾರಿಯಾಗುವಂತೆ ಗಲ್ಲ ಎತ್ತಿ ಹಿಡಿದು ಕೂತಳು. ಬಂದವರೆಲ್ಲ ಹೆದರಿದ್ದರು. ಹೆದರಿದ್ದರಿಂದಲೇ ಯಾರೂ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಗಂಡ ಮಾತ್ರ ಮೂಲೆಯಲ್ಲಿ ನಿಂತು, ನಾನು ಕೊಟ್ಟದ್ದು ಏನೇನೂ ಅಲ್ಲ, ಏನೇನೂ ಅಲ್ಲ ಎಂದು ಅಳುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ.

ಮರುದಿನ ಅವಳ ಬೆರಳು ಆಡಿತು, ಆಮೇಲೆ ನಾಲಿಗೆ. ಎದ್ದು ನಿಲ್ಲುವಷ್ಟಾದ ದಿನವೇ ಅವಳು ಮಗಳ ಕೈ ಹಿಡಿದು ತವರಿಗೆ ಹೊರಟಳು. ಅವನು ಬುಟ್ಟಿಯ ಹಾವನ್ನು ಕಾಡಿಗೆ ಬಿಟ್ಟು ಬಂದು, ಊರ ಬಾಗಿಲವರೆಗೂ ಕಾಲು ಹಿಡಿಯುತ್ತಾ ಬಂದ. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಅವನು ಮುಟ್ಟಿದರೆ ಮೈ ನಡುಗುತ್ತಿತ್ತು, ಅಷ್ಟೆ. ಅವಳು ನಿಲ್ಲದೆ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದ.

"ಹಾಗಾದರೆ ನಾನು ನಾಳೆಯಿಂದ ರೋಗಿಗಳ ಪಕ್ಕದಲ್ಲಿ ಕೂರಬಾರದೇ, ಗುರುಗಳೇ?" ಎಂದು ಕೇಳಿದ.

"ಕೂರು. ಆದರೆ ಅವರ ನರಳಾಟ ನಿನಗೆ ಏನೇನೂ ಅಲ್ಲ ಎನ್ನಿಸಿದ ದಿನ ಅವರಿಗೆ ಮದ್ದು ಅಳೆಯಬೇಡ" ಎಂದರು ಗುರುಗಳು.