ಕೋವಿಯ ಹಲಸಿನ ಹಿಡಿ

"ಗುರುಗಳೇ, ನಲವತ್ತು ಸಾವಿರದ ಮಾಲನ್ನು ಹೀಗಳೆದು ಇಪ್ಪತ್ತಕ್ಕೆ ಕೊಂಡರೆ ಅದು ಪಾಪವೋ, ಜಾಣತನವೋ?" ಎಂದು ಶಿಷ್ಯನು ಕೇಳಿದನು. ಮಠಕ್ಕೆ ಬರುವ ಮೊದಲು ಅವನು ಅಂಗಡಿ ಇಟ್ಟಿದ್ದವನು. ಗುರುಗಳು ಹೇಳಿದರು:

ಹಳೆಯ ಕೋವಿಗಳನ್ನು ಕೊಂಡು ಮಾರುವ ಒಬ್ಬ ವ್ಯಾಪಾರಿಯಿದ್ದ. ಅವನ ತಂದೆ ಬಡಗಿ. ಮಗನಿಗೆ ಎಂಟು ವರ್ಷವಾದಾಗ ತೀರಿಕೊಂಡ. ಅವನು ಮಾಡಿದ ತೊಟ್ಟಿಲು, ಮಣೆಗಳೆಲ್ಲ ದಾಯಾದಿಗಳ ಪಾಲಾಗಿ ಎಲ್ಲೆಲ್ಲೋ ಹೋದವು. ತಂದೆಯ ಕೈಕೆಲಸವೊಂದು ಮನೆಯಲ್ಲಿರಲಿ ಎಂದು ವ್ಯಾಪಾರಿ ಮೂವತ್ತು ವರ್ಷ ಹುಡುಕಿದ. ಸಿಗಲಿಲ್ಲ.

ಒಂದು ದಿನ ಒಬ್ಬ ರೈತ ಸೈನ್ಯದ ಹಳೆಯ ಕೋವಿಯೊಂದನ್ನು ತಂದ. ಹೆಗಲಿಗೆ ಆನಿಸುವ ಮರದ ಹಿಡಿ ಎಂದೋ ಮುರಿದು, ಅದರ ಜಾಗಕ್ಕೆ ಹಲಸಿನ ಹಿಡಿ ಬಂದಿತ್ತು. ವ್ಯಾಪಾರಿ ಕೋವಿಯನ್ನು ಎತ್ತಿಕೊಂಡ. ಅವನ ಹೆಬ್ಬೆರಳು ಒಂದು ಸಣ್ಣ ಗುಳಿಯಲ್ಲಿ ಹೋಗಿ ಕೂತಿತು. ಕೊಡಲಿಯಾಗಲಿ, ಬಾಚಿಯಾಗಲಿ, ತಾನು ಮಾಡಿದ ಪ್ರತಿ ಹಿಡಿಯಲ್ಲೂ ಅವನ ತಂದೆ ಅಂಥದೇ ಗುಳಿ ಕೆತ್ತುತ್ತಿದ್ದ. ತಾನು ಹುಡುಕುತ್ತಿದ್ದುದು ಇದೇ ಎಂದು ವ್ಯಾಪಾರಿಗೆ ತಿಳಿಯಿತು. ಆದರೆ ಬೇಕು ಎಂದು ತೋರಿಸಿಕೊಂಡರೆ ಬೆಲೆ ಏರುತ್ತದೆ. ಅವನು ಮುಖ ಸಿಂಡರಿಸಿದ.

"ಕಬ್ಬಿಣ ಅಸಲು. ಮರ ಅಲ್ಲ. ಯಾರೋ ಕೈಗೆ ಬಂದ ಹಾಗೆ ಕೆತ್ತಿ ಮಾಲು ಕೆಡಿಸಿದ್ದಾರೆ. ಎಲ್ಲ ಅಸಲಿದ್ದರೆ ನಲವತ್ತು ಸಾವಿರ ಕೊಡ್ತಿದ್ದೆ. ಇದಕ್ಕೆ ಇಪ್ಪತ್ತು."

"ಒಳ್ಳೇ ಆಚಾರಿ ಮಾಡಿದ್ದು ಅಂತ ನಮ್ಮಪ್ಪ ಹೇಳ್ತಿದ್ದರಲ್ಲ, ಸಾಹುಕಾರ್ರೆ."

"ನಿಮ್ಮಪ್ಪನ ಮಾತಿಗೆ ಗಿರಾಕಿ ದುಡ್ಡು ಕೊಡ್ತಾನೇನಯ್ಯ? ಇದರ ಬದಲು ಬರೀ ಕಬ್ಬಿಣ ತಂದಿದ್ದರೂ ಮೂವತ್ತು ಎಣಿಸ್ತಿದ್ದೆ."

ರೈತ ಯೋಚಿಸಿ ಬರುತ್ತೇನೆಂದು ಕೋವಿ ಎತ್ತಿಕೊಂಡು ಹೋದ. ವ್ಯಾಪಾರಿ ತಡೆಯಲಿಲ್ಲ. ತಾನಾಗಿ ಕೂಗಿ ಕರೆದರೆ ವ್ಯಾಪಾರ ಕೆಟ್ಟಂತೆ. ಅಂದಿನಿಂದ ಬೀದಿಯಲ್ಲಿ ಯಾರ ಹೆಜ್ಜೆ ಕೇಳಿದರೂ ತಲೆಯೆತ್ತಿ ನೋಡಿದ. ನಡುಮನೆಯ ಗೋಡೆಗೆ ಸುಣ್ಣ ಬಳಿಸಿ ಎರಡು ಗೂಟ ಹೊಡೆಸಿದ. ಇನ್ನೈದು ಸಾವಿರ ಹೆಚ್ಚಿಗೆ ಕೊಟ್ಟರೂ ಸರಿಯೇ ಎಂದುಕೊಂಡ. ಆಮೇಲೆ, ನಲವತ್ತೇ ಕೊಟ್ಟುಬಿಡೋಣ ಎಂದುಕೊಂಡ.

ಎಂಟನೆಯ ದಿನ ರೈತ ಬಂದ. ಗೋಣಿಯಿಂದ ಉದ್ದನೆಯದೊಂದನ್ನು ತೆಗೆದು ಮುಂದಿಟ್ಟ. ಬರೀ ಕಬ್ಬಿಣ.

"ಮರ ಎಲ್ಲಿ?"

"ಕೆಟ್ಟ ಕೆಲಸ ಅಂದ್ರಲ್ಲ, ಕಳಚಿ ನೀರೊಲೆಗೆ ಹಾಕಿದೆ. ಹಳೇ ಹಲಸು, ಚೆನ್ನಾಗೇ ಉರೀತು. ನಿಮ್ಮ ಮಾತಿನ ಪ್ರಕಾರ ಮೂವತ್ತು ಕೊಡಿ."

ವ್ಯಾಪಾರಿ ಮೂವತ್ತು ಸಾವಿರ ಎಣಿಸಿ ಕೊಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನು, "ಹಾಗಾದರೆ ವ್ಯಾಪಾರಿಗೆ ನಷ್ಟವಾಯಿತೇ?" ಎಂದನು.

"ಇಲ್ಲಪ್ಪ, ಕೋವಿಯಲ್ಲಿ ಅಸಲು ಎಷ್ಟಿತ್ತೋ ಅಷ್ಟೂ ಅವನ ಕೈಸೇರಿತು."