ಪಕ್ಕದ ಮನೆಯ ಅಳತೆ

“ಗುರುಗಳೇ, ಕೊಟ್ಟ ವಸ್ತುವನ್ನು ಕೈ ಬಿಟ್ಟರೂ ಕಣ್ಣು ಬಿಡುವುದಿಲ್ಲವಲ್ಲ, ಯಾಕೆ?” ಎಂದು ಕೆಂಚಯ್ಯ ಕೇಳಿದ.

ಹೋದ ತಿಂಗಳು ಅವನು ತನ್ನ ಹಳೆಯ ಶಾಲನ್ನು ಬೇಡವೆಂದು ಜೊತೆಯ ಶಿಷ್ಯ ನಂಜಯ್ಯನಿಗೆ ಕೊಟ್ಟಿದ್ದ. ನಂಜಯ್ಯ ಅದನ್ನು ಒಗೆದು ಹೊದ್ದ. ಮಠಕ್ಕೆ ಬಂದವರೆಲ್ಲ, “ನಂಜಯ್ಯನವರಿಗೆ ಈಗ ಕಳೆ ಬಂತು ನೋಡಿ” ಎಂದರು. ನಿನ್ನೆಯಿಂದ ಆ ಶಾಲು ಕಾಣೆ. ಇಡೀ ಮಠ ಹುಡುಕಿತು. ಎಲ್ಲರಿಗಿಂತ ಜೋರಾಗಿ ಹುಡುಕಿದವನು ಕೆಂಚಯ್ಯ. ಈಗ ಜೋಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗುರುಗಳ ಮುಂದೆ ಕುಳಿತಿದ್ದ.

ಗುರುಗಳು ಹೇಳಿದರು:

ಒಬ್ಬ ಎಣ್ಣೆ ವ್ಯಾಪಾರಿಯ ಹೆಂಡತಿ ಇದ್ದಳು. ಅವಳ ಬೀರುವಿನ ಕೆಳಗೆ ಒಂದು ಡ್ರಾಯರು. ಅದರ ತುಂಬ ರವಿಕೆ ಕಣಗಳು. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ತಾಂಬೂಲದ ಜೊತೆ ಕೊಟ್ಟವು. ಅವಳು ಒಂದನ್ನೂ ಹೊಲಿಸಲಿಲ್ಲ, ಒಂದನ್ನೂ ಯಾರಿಗೂ ಕೊಡಲಿಲ್ಲ. ಡ್ರಾಯರು ಮುಚ್ಚಬೇಕಾದರೆ ಮಂಡಿ ಕೊಟ್ಟು ನೂಕಬೇಕಿತ್ತು. ತೆರೆಯಬೇಕಾದರೆ ಗಂಡನನ್ನು ಕರೆಯಬೇಕಿತ್ತು.

ಒಂದು ದಿನ ಗಂಡ ಎಳೆದ ರಭಸಕ್ಕೆ ಡ್ರಾಯರಿನ ಸಮೇತ ಅಂಗಾತ ಬಿದ್ದ. “ಇದನ್ನು ಖಾಲಿ ಮಾಡುತ್ತೀಯೋ, ನಾನೇ ಮನೆ ಖಾಲಿ ಮಾಡಲೋ?” ಎಂದ.

ಅವಳು ಕಣಗಳನ್ನು ಹರಡಿಕೊಂಡು ಕುಳಿತಳು. ಚೆನ್ನಾಗಿದ್ದವನ್ನು ಮತ್ತೆ ಒಳಗಿಟ್ಟಳು. ಚೆನ್ನಾಗಿಲ್ಲದವನ್ನೂ ಒಳಗಿಟ್ಟಳು. ಕೊನೆಗೆ ತೀರಾ ಮಂಕಾದದ್ದು ಒಂದು ಉಳಿಯಿತು. ಬೆಂದ ಬದನೆಕಾಯಿಯ ಬಣ್ಣ. ಅದನ್ನು ಪಕ್ಕದ ಮನೆಯ ಕುಂಬಾರನ ಹೆಂಡತಿಗೆ ಕೊಟ್ಟಳು. ಇಷ್ಟು ದೊಡ್ಡ ತ್ಯಾಗ ಮಾಡಿದೆನೆಂದು ಅಂದು ಎರಡು ಹೋಳಿಗೆ ಹೆಚ್ಚಿಗೆ ತಿಂದಳು.

ಎಂಟು ದಿನಕ್ಕೆ ಕುಂಬಾರನ ಹೆಂಡತಿ ಅದನ್ನು ತಾನೇ ಹೊಲಿದು, ತೊಟ್ಟು, ಬಾವಿಗೆ ಬಂದಳು. ನೀರಿಗೆ ಬಂದವರು ಕೊಡ ಮರೆತು ನೋಡಿದರು. “ಯಾವ ಪೇಟೆಯಲ್ಲಿ ತಂದೆಯೇ ಇದನ್ನ?” ಎಂದು ಮುಟ್ಟಿ ಮುಟ್ಟಿ ಕೇಳಿದರು.

ಅಂದಿನಿಂದ ಎಣ್ಣೆ ವ್ಯಾಪಾರಿಯ ಹೆಂಡತಿಗೆ ಅನ್ನ ಸೇರಲಿಲ್ಲ. ಗಂಡನ ಅಂಗಡಿಯ ಎಣ್ಣೆಯನ್ನೆಲ್ಲ ಯಾರೋ ಅವಳ ಹೊಟ್ಟೆಯ ಕಿಚ್ಚಿಗೇ ಸುರಿದಂತಿತ್ತು. ಡ್ರಾಯರಿನಲ್ಲಿದ್ದ ಅರವತ್ತು ಕಣಗಳಲ್ಲಿ ಒಂದೂ ಅವಳಿಗೆ ಕಾಣಲಿಲ್ಲ. ಅಲ್ಲಿ ಇಲ್ಲದ ಒಂದೇ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಆ ರವಿಕೆ ಪಕ್ಕದ ಹಿತ್ತಿಲಿನ ಹಗ್ಗದ ಮೇಲೆ ಒಣಗುತ್ತಿತ್ತು. ಎಳೆದುಕೊಂಡು ಬಂದಳು. ಕದ ಹಾಕಿಕೊಂಡು ತೊಡಲು ಹೋದಳು. ತೋಳು ಮೊಣಕೈ ದಾಟಲಿಲ್ಲ. ಅದು ಪಕ್ಕದ ಮನೆಯ ಅಳತೆ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅಷ್ಟರಲ್ಲಿ ಹೊರಗೆ ಯಾರೋ ಕದ ತಟ್ಟಿದರು. ಹೇಗೋ ಕಿತ್ತು, ಅರ್ಧ ತೆರೆದೇ ಇದ್ದ ಡ್ರಾಯರಿಗೆ ತುರುಕಿ, ಮಂಡಿ ಕೊಟ್ಟು ನೂಕಿ, ಕದ ತೆಗೆದಳು.

ಬಂದವಳು ಕುಂಬಾರನ ಹೆಂಡತಿಯೇ.

“ಅಕ್ಕಾ, ನೀವು ಕೊಟ್ಟ ರವಿಕೆ ಹಗ್ಗದ ಮೇಲಿಲ್ಲ. ಗಾಳಿಗೆ ಏನಾದರೂ ಈ ಕಡೆ ಹಾರಿ ಬಂತೇ?”

“ನಿನ್ನ ರವಿಕೆಗೆ ರೆಕ್ಕೆ ಇದೆಯೇನೇ? ನನ್ನ ಮನೆಯಲ್ಲಿ ಬಟ್ಟೆಗೇನು ಬರವೇ?”

ಕುಂಬಾರನ ಹೆಂಡತಿ ಬೀರುವಿನ ಕಡೆ ನೋಡಿದಳು. ಮುಚ್ಚಿದ ಡ್ರಾಯರಿನ ಸಂದಿಯಿಂದ ಬದನೆಕಾಯಿ ಬಣ್ಣದ ತೋಳೊಂದು ಹೊರಗೆ ನೇತಾಡುತ್ತಿತ್ತು.

“ನಿಮಗೆ ಬಿಗಿಯಾಗಿರಬೇಕಲ್ಲವೇ ಅಕ್ಕಾ?” ಎಂದಳು. “ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ. ಕೊಡಿ, ಬಿಚ್ಚಿ ನಿಮ್ಮ ಅಳತೆಗೆ ಮಾಡಿಕೊಡುತ್ತೇನೆ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕೆಂಚಯ್ಯ ಕಾದ. ಕತೆ ಮುಂದೆ ಹೋಗಲಿಲ್ಲ. “ಆಮೇಲೆ? ಅವಳು ತೆಗೆದು ಕೊಟ್ಟಳೇ, ಗುರುಗಳೇ?” ಎಂದು ಕೇಳಿದ.

“ಅದನ್ನು ನೀನೇ ಹೇಳಬೇಕಪ್ಪ,” ಎಂದರು ಗುರುಗಳು, “ನಿನ್ನ ಜೋಳಿಗೆಯಿಂದ ಶಾಲಿನ ಕುಚ್ಚು ನೇತಾಡುತ್ತಿದೆ.”